ನಾಯಿ ಕಡಿತ: ತೋಟದ ಯಜಮಾನರ ಹೊಣೆ

ಕಾವಲಿಗೆ ನಾಯಿ ಸಾಕದ ತೋಟದವರು ನಮ್ಮಲ್ಲಿ ವಿರಳ. ಅಡಿಕೆ ಕೀಳಲು ಬಂದ ಆಳನ್ನು ಅದು ಕಡಿದರೆ, ಗಾಯಕ್ಕೆ ಸುಣ್ಣವನ್ನೋ ಕಾಫಿಪುಡಿಯನ್ನೋ ಮೆತ್ತಿ, ಕೈಗೆ ನೂರು ರೂಪಾಯಿ ಇಟ್ಟು ಕಳುಹಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಗಾಯವನ್ನು ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಮ್ಮ ಸೀಮೆಯಲ್ಲಿ ನೀರಿಗೆ ಕಷ್ಟವೆಂಬುದು ನಿಜ. ಆದರೆ ಇಲ್ಲಿ ಜಿಪುಣತನ ಸಲ್ಲದು. ಅದೇ ದಿನ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೋ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ಹಣವಿಲ್ಲ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಆ ಹಳೆಯ ಔಷಧಿ 2005ರ ಹೊತ್ತಿಗೇ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ. ರಕ್ತ ಬಂದಿದ್ದರೆ ಗಾಯದೊಳಕ್ಕೂ ಸುತ್ತಲೂ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಅನ್ನು ಕೇಳಿ ಹಾಕಿಸಬೇಕು.

ತೊಡಕಿರುವುದು ಮುಂದಿನ ಸೂಜಿಗಳಲ್ಲಿ. 3ನೆಯ, 7ನೆಯ ದಿನ ಆಸ್ಪತ್ರೆಗೆ ಹೋದರೆ ಕೂಲಿ ತಪ್ಪುತ್ತದೆಂದು ಆಳು ಹಿಂಜರಿಯುತ್ತಾನೆ. ಹುಚ್ಚುನಾಯಿ ರೋಗ ತಲೆದೋರಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆ ದಿನಗಳ ಕೂಲಿಯನ್ನೂ ಬಸ್ ಚಾರ್ಜನ್ನೂ ನಾಯಿಯ ಯಜಮಾನರೇ ಕೊಡತಕ್ಕದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾನೂನೂ ಸುಮ್ಮನಿಲ್ಲ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಡಿದದ್ದು ಬೀದಿನಾಯಿಯಾದರೆ ಪಂಚಾಯಿತಿಗೋ ನಗರಸಭೆಗೋ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2023ರ ನಿಯಮಗಳಂತೆ ಸಂತಾನಹರಣ, ಲಸಿಕೆಗಳ ಹೊಣೆ ಅವರದು.

ಕೊಯ್ಲಿನ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕಿ. ವರ್ಷಕ್ಕೊಮ್ಮೆ ಪಶು ಆಸ್ಪತ್ರೆಯಲ್ಲಿ ಅದಕ್ಕೆ ಲಸಿಕೆ ಹಾಕಿಸಿ, ಚೀಟಿಯನ್ನು ಜೋಪಾನವಾಗಿಡಿ.