ಒಬ್ಬನೇ ಕಾವಲುಗಾರನನ್ನು ನಂಬಿದರೆ

ಗೋಧಿಗೆ ತಗಲುವ ತುಕ್ಕು ರೋಗವನ್ನು ಹಣೆಬರಹವೆಂದು ಸಹಿಸಿಕೊಳ್ಳುವ ರೈತರು ಇನ್ನೂ ಇದ್ದಾರೆ. ಇದರಲ್ಲಿ ಹಣೆಬರಹದ ಮಾತೇ ಇಲ್ಲ. ಇದು ಗಾಳಿಯಲ್ಲಿ ಹಾರಿ ಬರುವ ಶಿಲೀಂಧ್ರದ ಕೆಲಸ. ಬೇಸಿಗೆಯ ಬಿಸಿಲಿಗೆ ಬಯಲುಸೀಮೆಯಲ್ಲಿ ನಾಶವಾಗುವ ಈ ಶಿಲೀಂಧ್ರವು ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ ಉಳಿದುಕೊಂಡು, ಮತ್ತೆ ಬಯಲಿಗೆ ಇಳಿಯುವದೆಂದು ಆಗ್ರಾದ ವಿಜ್ಞಾನಿ ಕೆ. ಸಿ. ಮೆಹ್ತಾ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿಕೊಟ್ಟರು. ಗಾಳಿಗೆ ಬೇಲಿ ಹಾಕಲು ಬಾರದು. ಆದ್ದರಿಂದ ರಕ್ಷಣೆಯು ಬೀಜದೊಳಗೇ ಇರಬೇಕು.

ಅದು ಇದೆ. 2018ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಗೋಧಿಯ ವಂಶವಾಹಿಗಳ, ಅಂದರೆ ಜೀನುಗಳ, ನಕ್ಷೆಯನ್ನು ಪ್ರಕಟಿಸಿದರು. ಒಂದು ಲಕ್ಷಕ್ಕೆ ಮೇಲ್ಪಟ್ಟ ಜೀನುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಒಂದೇ ಮನೆತನಕ್ಕೆ ಸೇರಿದವು. ಅದು ಕಾವಲುಗಾರರ ಮನೆತನ. ಶಿಲೀಂಧ್ರವು ಜೀವಕೋಶದೊಳಗೆ ಬಿಡುವ ವಸ್ತುವನ್ನು ಕಾವಲುಗಾರ ಗುರುತಿಸಿದೊಡನೆ, ಸುತ್ತಲಿನ ಕೋಶಗಳು ತಾವೇ ಸಾಯುತ್ತವೆ. ಜೀವಂತ ಕೋಶವನ್ನೇ ಉಂಡು ಬದುಕುವ ತುಕ್ಕು ಅಲ್ಲಿಯೇ ಹಸಿದು ಸಾಯುವದು. ಆದರೆ ಪ್ರತಿಯೊಬ್ಬ ಕಾವಲುಗಾರನೂ ಬಲ್ಲದ್ದು ಒಂದೆರಡು ಮುಖಗಳನ್ನಷ್ಟೇ. ಶಿಲೀಂಧ್ರ ವೇಷ ಬದಲಿಸಿತೆಂದರೆ ಅವನು ಕುರುಡ.

ಇಲ್ಲಿಯೇ ಜಗತ್ತು ಎಡವಿತು. ರೈ ಎಂಬ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್-31 ಎಂಬ ಜೀನು ಕಾಂಡದ ತುಕ್ಕನ್ನು ಚೆನ್ನಾಗಿ ತಡೆಯಿತು. ಅದನ್ನೇ ಖಂಡ ಖಂಡಗಳ ತಳಿಗಳಲ್ಲಿ ತುಂಬಿದರು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮುರಿಯುವ ತುಕ್ಕು ಕಾಣಿಸಿತು. ಯುಜಿ-99 ಎಂದು ಹೆಸರಾದ ಆ ರೋಗವು ಕೀನ್ಯಾ, ಇಥಿಯೋಪಿಯಾ, ಯೆಮೆನ್ ದಾಟಿ 2007ರಲ್ಲಿ ಇರಾನಿನಲ್ಲಿ ಸಿಕ್ಕಿತು. ಇದಕ್ಕೆ ಪ್ರತಿಯಾಗಿ, ರೋಗವನ್ನು ಪೂರ್ತಿ ತಡೆಯದೆ ನಿಧಾನಗೊಳಿಸುವ ಎಲ್‌ಆರ್-34 ಎಂಬ ಬೇರೆ ಬಗೆಯ ಜೀನು ಸುಮಾರು ನೂರು ವರ್ಷಗಳಿಂದ ಸೋತಿಲ್ಲ. ಪಾಠ ಸ್ಪಷ್ಟವಿದೆ: ಬೇರೆ ಬೇರೆ ಬಗೆಯ ಹಲವು ಜೀನುಗಳನ್ನು ಒಂದೇ ತಳಿಯಲ್ಲಿ ಕೂಡಿಸಬೇಕು.

ಆ ಜೀನುಗಳು ಎಲ್ಲಿಂದ ಬರಬೇಕು? ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಹುಗ್ಗಿಗೆ, ಮಾದಲಿಗೆ ಬೇಕೆಂದು ರೈತರು ಉಳಿಸಿಕೊಂಡು ಬಂದ ಸದಕ ಗೋಧಿಯನ್ನು, ಅಂದರೆ ಖಪ್ಲಿಯನ್ನು, ನೋಡಿರಿ. ಅಮೇರಿಕೆಯ ಸ್ಟಾಕ್‌ಮನ್ ಮತ್ತು ಲೆವಿನ್ ಅವರು 1922ರಲ್ಲಿ ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಆರಿಸಿದ 12 ಗೋಧಿಗಳಲ್ಲಿ ಖಪ್ಲಿಯೂ ಒಂದು. ಖಪ್ಲಿಯಲ್ಲಿರುವ ಎಸ್‌ಆರ್-13 ಎಂಬ ಜೀನು ಯುಜಿ-99ಕ್ಕೂ ತಡೆಯೊಡ್ಡುವದು. ವಿಜ್ಞಾನಿಗಳು ಅದನ್ನು 2017ರಲ್ಲಿ ಬೇರ್ಪಡಿಸಿ ತೋರಿಸಿದರು. ಅವರ ಶ್ರಮ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಬೀಜವನ್ನು ಹಗೇವಿನಲ್ಲಿ ಕಾಪಾಡಿ, ಆರಿಸಿ, ಮರಳಿ ಬಿತ್ತಿದವರ ಶ್ರಮಕ್ಕೆ ಲೆಕ್ಕ ಬೇಡವೇ?

ಹೆಚ್ಚು ಇಳುವರಿಯ ತಳಿ ಇರುವಾಗ ಹಳೆಯ ಗೋಧಿ ಏಕೆಂದು ಕೆಲವರು ಕೇಳುವರು. ರೈತನು ಇಳುವರಿ ಬಯಸುವದು ತಪ್ಪಲ್ಲ. ಆದರೆ ನಾಳಿನ ತಳಿಗೆ ಬೇಕಾದ ಕಾವಲುಗಾರರು ಇರುವದು ಹಳೆಯ ಗೋಧಿಯಲ್ಲಿ. ಇದು ಸಮಾಜದ ಆಸ್ತಿ. ಅದನ್ನು ಕಾಯುವ ಹೊರೆಯನ್ನು ಬಡ ರೈತನೊಬ್ಬನ ತಲೆಗೆ ಕಟ್ಟಿ, ಲಾಭವನ್ನು ಬೇರೆಯವರು ಒಯ್ಯುವದು ನ್ಯಾಯವಲ್ಲ.

2001ರ ಕಾಯಿದೆಯು ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹೊಸ ತಳಿಗೆ ಊರಿನ ಬೀಜ ಆಧಾರವಾದರೆ, ಊರಿನವರು ಪರಿಹಾರ ಕೇಳಲೂ ಅದರಲ್ಲಿ ದಾರಿಯಿದೆ. ಕಾಗದದ ಮೇಲಿನ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವದಿಲ್ಲ. ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಊರಿನ ಗೋಧಿ ತಳಿಗಳನ್ನು ಬರೆದಿಡಲಿ. ಹಲವು ಜೀನುಗಳನ್ನು ಕೂಡಿಸುವದು ವರ್ಷಗಟ್ಟಲೆಯ ಕೆಲಸ. ಅದಕ್ಕೆ ಸರಕಾರವು ಸಾರ್ವಜನಿಕ ಸಂಶೋಧನಾ ಕೇಂದ್ರಗಳಿಗೆ ಕೈತುಂಬ ಹಣ ಕೊಡಲಿ. ಸದಕ ಬೆಳೆಯುವವನಿಗೆ ಇಳುವರಿಯ ಕೊರತೆ ತುಂಬುವ ಬೆಲೆ ಸಿಗಲಿ.

ತುಕ್ಕು ವೇಷ ಬದಲಿಸುತ್ತಲೇ ಇರುವದು. ನಾವು ಕಾವಲುಗಾರರನ್ನು ಕಳೆದುಕೊಂಡು ಕೂಡ್ರಬಾರದು.