ಕೌಂಟಿ ಎಣಿಸಿದರೆ ಮತ ಎಣಿಸಿದಂತಾಗದು

2020ರ ಅಧ್ಯಕ್ಷ ಚುನಾವಣೆಯಲ್ಲಿ ಟೆಕ್ಸಾಸ್‌ನ 254 ಕೌಂಟಿಗಳ ಪೈಕಿ ಬೈಡನ್ ಗೆದ್ದದ್ದು ಬರೀ 22. ಹಾಗಾಗಿ ರಾಜ್ಯ ಅವರನ್ನು ಸಾರಾಸಗಟಾಗಿ ತಿರಸ್ಕರಿಸಿತು ಎಂದು ಲೇಖಕರೊಬ್ಬರು ತೀರ್ಮಾನಿಸಿದ್ದಾರೆ. ಅದೇ ಅಭ್ಯರ್ಥಿಗೆ ರಾಜ್ಯದಲ್ಲಿ ಶೇ 46ಕ್ಕೂ ಹೆಚ್ಚು ಮತ ಬಿದ್ದದ್ದನ್ನು ಮಾತ್ರ ಬರೆದಿಲ್ಲ. ಸೋತರು, ನಿಜ. ಧೂಳೀಪಟವಾಗಲಿಲ್ಲ.

ಆ ವರ್ಷದ ಜನಗಣತಿಯಂತೆ ಟೆಕ್ಸಾಸ್‌ನದೇ ಲವಿಂಗ್ ಕೌಂಟಿಯಲ್ಲಿದ್ದವರು 64 ಮಂದಿ. ಒಂದು ಮದುವೆ ದಿಬ್ಬಣದ ಬಸ್ಸಿಗೆ ಸಾಕಾಗುವಷ್ಟು! ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷ. ಲೇಖಕರ ಲೆಕ್ಕದಲ್ಲಿ ಎರಡೂ ಒಂದೊಂದೇ.

ಜನಸಂಖ್ಯೆಯೇ ಮತಬಲ ಎಂಬ ಅವರ ಇನ್ನೊಂದು ಮಾತೂ ನಿಲ್ಲುವುದಿಲ್ಲ. ಮಕ್ಕಳು, ಪೌರತ್ವವಿಲ್ಲದ ವಲಸಿಗರು ಗಣತಿಗೆ ಉಂಟು, ಮತಗಟ್ಟೆಗೆ ಇಲ್ಲ. ಹಂಟ್ಸ್‌ವಿಲ್ ಇರುವ ವಾಕರ್ ಕೌಂಟಿಯಲ್ಲಂತೂ ಸೆರೆಮನೆಗಳದೇ ಸಾಲು. ಅಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವ ಸಾವಿರಾರು ಕೈದಿಗಳನ್ನು ಗಣತಿ ಆ ಕೌಂಟಿಯವರೆಂದೇ ಎಣಿಸುತ್ತದೆ, ಮತ ಹಾಕಲು ಕಾನೂನು ಬಿಡುವುದಿಲ್ಲ. 2016ರ ಎವೆನ್‌ವೆಲ್ ತೀರ್ಪನ್ನು ಲೇಖಕರು ಸಾಕ್ಷಿಗೆ ಕರೆದಿದ್ದಾರೆ. ಒಟ್ಟು ಜನಸಂಖ್ಯೆ ಹಿಡಿದು ಕ್ಷೇತ್ರ ವಿಂಗಡಿಸಬಹುದು ಎಂದಷ್ಟೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅದು ಪ್ರಾತಿನಿಧ್ಯದ ಲೆಕ್ಕ. ಎಲ್ಲಿ ಎಷ್ಟು ಅರ್ಹ ಮತದಾರರಿದ್ದಾರೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.