ಕೋಶಪೊರೆಯ ಪಾಠದಲ್ಲಿ ಹುಳುಕಡ್ಡಿಗೂ ಜಾಗವಿರಲಿ

ಒಂಬತ್ತನೇ ತರಗತಿಯ ಜೀವಕೋಶದ ಘಟಕಕ್ಕೆ ನಾವು ಬರೆಯುವ ಪಾಠಯೋಜನೆಗಳಲ್ಲಿ ಪ್ಲಾಸ್ಮಾ ಪೊರೆ ಎಂದರೆ ದ್ವಾರಪಾಲಕ. ಒಣದ್ರಾಕ್ಷಿ ನೆನೆಸಿ ಅಭಿಸರಣ ತೋರಿಸಿ ಮುಂದೆ ಹೋಗುತ್ತೇವೆ. ಆ ಪೊರೆಯನ್ನು ಕಟ್ಟುವವರು ಯಾರು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ವಿವರಿಸುವಾಗ ಪಠ್ಯದಲ್ಲಿ ಅದಕ್ಕೆ ಒಂದೆರಡು ಸಾಲು ಉಂಟು, ಓದಿಸಿ ಬಿಡುತ್ತೇವೆ. ಆ ಸಾಲುಗಳಿಗೆ ಹತ್ತು ನಿಮಿಷ ಕೊಡಬೇಕು ಎಂಬುದು ನನ್ನ ವಾದ. ಉದಾಹರಣೆ ಎಷ್ಟೋ ಮಕ್ಕಳ ಚರ್ಮದ ಮೇಲೇ ಇದೆ.

ಹುಳುಕಡ್ಡಿಗೆ ಕಾರಣ ಹುಳುವಲ್ಲ, ಶಿಲೀಂಧ್ರ. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಮಾಡುವ ಕೆಲಸವನ್ನು ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಮಾಡುತ್ತದೆ. ಎರಡೂ ತಯಾರಾಗುವುದು ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತುವಿನಿಂದ. ಅದಕ್ಕೆ ಒಂದು ಆಕ್ಸಿಜನ್ ಪರಮಾಣು ಸೇರಿಸಿ ಮುಂದಿನ ಹಂತಕ್ಕೆ ದಾಟಿಸುವ ಕಿಣ್ವವೇ ಸ್ಕ್ವಾಲೀನ್ ಎಪಾಕ್ಸಿಡೇಸ್. ಟರ್ಬಿನಾಫಿನ್ ಎಂಬ ಔಷಧ ಶಿಲೀಂಧ್ರದ ಈ ಕಿಣ್ವವನ್ನು ತಡೆಯುತ್ತದೆ. ಆಗ ಪೊರೆಗೆ ಎರ್ಗೊಸ್ಟೆರಾಲ್ ಸಾಲದು. ಬಳಕೆಯಾಗದ ಸ್ಕ್ವಾಲೀನ್ ಕೋಶದೊಳಗೇ ತುಂಬಿಕೊಂಡು ವಿಷವಾಗುತ್ತದೆ. ಅದೇ ಕೆಲಸದ ಕಿಣ್ವ ನಮ್ಮಲ್ಲೂ ಇದೆ, ಆದರೆ ಈ ಔಷಧ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ದ್ವಾರಪಾಲಕನ ಹೋಲಿಕೆಯಿಂದ ಇದೊಂದೂ ತಿಳಿಯುವುದಿಲ್ಲ.

ಈಗ ಭಾರತದಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನೀ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆಪಡುವ ಸಂಗತಿಯೇನಲ್ಲ. ಬಗ್ಗದ ಹಲವು ತಳಿಗಳ ಕಿಣ್ವದಲ್ಲಿ 397ನೇ ಅಮೈನೋ ಆಮ್ಲ ಬದಲಾಗಿದೆ: ಫಿನೈಲ್‌ಅಲನಿನ್ ಇದ್ದ ಕಡೆ ಲ್ಯೂಸಿನ್. ಅಷ್ಟಕ್ಕೇ ಔಷಧದ ಹಿಡಿತ ತಪ್ಪುತ್ತದೆ. ಇತ್ತ ಚೀಟಿಯಿಲ್ಲದೆ ಅಂಗಡಿಯಿಂದ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಬೇಗ ಇಳಿಸಿ ಸೋಂಕನ್ನು ಉಳಿಸುತ್ತದೆ. ತುರಿಕೆ ನಿಂತಿತೆಂದು ಮುಲಾಮು ಮೂಲೆಗೆ ಸೇರುತ್ತದೆ. ಮನೆಮಂದಿಗೆಲ್ಲ ಟವೆಲ್ಲು ಒಂದೇ.

ಕಿಣ್ವದ ಹೆಸರು ಒಂಬತ್ತನೆಯವರಿಗೆ ಭಾರವಾಗುತ್ತದೆ ಎಂದು ಮಾರ್ಗದರ್ಶಕ ಉಪನ್ಯಾಸಕರು ಹೇಳಬಹುದು. ಸರಿಯೇ, ಹೆಸರು ಬೇಡ. ಕೋಶ ತನ್ನ ಪೊರೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಆ ಕೆಲಸಕ್ಕೆ ಕಿಣ್ವ ಬೇಕು, ಕಿಣ್ವವನ್ನು ತಡೆದರೆ ಕೋಶ ಉಳಿಯದು ಎಂಬಷ್ಟು ಸಾಕು. ಯಾವ ಔಷಧ ಹಚ್ಚಬೇಕೆಂದು ಹೇಳುವುದು ವೈದ್ಯರ ಕೆಲಸ, ನಮ್ಮದಲ್ಲ. ಇನ್ನೊಂದು ಮಾತು: ಪೂರ್ವಜ್ಞಾನ ಪರೀಕ್ಷೆಯ ಹೆಸರಿನಲ್ಲಿ “ಹುಳುಕಡ್ಡಿ ಇರುವವರು ಕೈಯೆತ್ತಿ” ಎನ್ನುವುದು ಬೇಡವೇ ಬೇಡ. ತೋಳು ಮುಚ್ಚಿಕೊಂಡು ಕೂತ ಮಗು ಆ ದಿನ ಪಾಠ ಕೇಳುವುದಿಲ್ಲ.

ಮೌಲ್ಯಮಾಪನದಲ್ಲಿ “ಪ್ಲಾಸ್ಮಾ ಪೊರೆಯ ಕಾರ್ಯಗಳನ್ನು ತಿಳಿಸಿ” ಎಂಬುದರ ಜೊತೆಗೆ ಇದನ್ನೂ ಕೇಳಿ ನೋಡೋಣ: ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಲಾಮು ಹಚ್ಚಬೇಕು, ಏಕೆ?